ಗೇಟು ಬಿದ್ದಿದೆ

ಬಾಣಾವರದ ಆಚೆ, ಹಳಿ ದಾಟಿದರೆ ನಮ್ಮ ಶಾಲೆ.
ಮೂವತ್ತೊಂದು ಮಕ್ಕಳು, ಎರಡು ಕೋಣೆ,
ಯಾರೋ ದಾನಿಗಳು ಕೊಟ್ಟ ಜಾರುಬಂಡಿ.
ದಾನಿಗಳ ಹೆಸರು ಜಾರುವ ಜಾಗಕ್ಕಿಂತ ದೊಡ್ಡದು.
ಹತ್ತು, ಜಾರು. ಹತ್ತು, ಜಾರು.
ಜೂನ್ ಮುಗಿಯುವಷ್ಟರಲ್ಲಿ
ಅದರ ಹತ್ತಿರವಿದ್ದ ಕತೆಯೆಲ್ಲ ಮುಗಿದಿತ್ತು.
ಈಗ ಸಾಕಮ್ಮ ಅದರ ಮೇಲೆ
ಬಿಸಿಯೂಟದ ಮಸಿಬಟ್ಟೆ ಒಣಗಿಸುತ್ತಾಳೆ.

ಅಡುಗೆಮನೆ ಹಿಂದಿನ ಗುಡ್ಡೆಯ ವಿಷಯ ಬೇರೆ.
ಕರಟ, ಎಡಮಟ್ಟೆ, ಒಂದು ಟ್ರ್ಯಾಕ್ಟರ್ ಟೈರು,
ತೋಟದವರು ಬಿಸಾಕಿದ ಕರಿ ಪೈಪಿನ ತುಂಡು,
ಕಾಲು ಮುರಿದ ಬೆಂಚಿನ ಹಲಗೆ,
ಎಣ್ಣೆ ಡಬ್ಬ, ಸೈಕಲ್ ರಿಮ್ಮು,
ಯಾರದೋ ಮದುವೆಯ ಹರಿದ ಶಾಮಿಯಾನ.
ಯಾವುದರ ಮೇಲೂ ಹೆಸರಿಲ್ಲ.
ಅದಕ್ಕೇ ಇರಬೇಕು,
ಯಾರು ಏನೆಂದು ಕರೆದರೂ ಓಗೊಡುತ್ತವೆ.

ಸೋಮವಾರ ಟೈರು ಬಾವಿ.
ಮಂಗಳವಾರ ಅದೇ ಟೈರು ಬಾಣಂತಿ ಕೋಣೆ,
ಒಳಗೆ ಜೀವಿಕಾ, ಕರಟದ ಕೂಸಿಗೆ
ಶಾಮಿಯಾನದ ಕುಲಾವಿ.
ಬುಧವಾರ ಜಗಳ: ಪೈಪು ಹಾವೋ, ನಲ್ಲಿಯೋ?
ತೀರ್ಪು ಕೊಡಲು ಎದ್ದೆ. ಮತ್ತೆ ಕೂತೆ.
ಹಾಗೆ ಕೂರುವುದನ್ನು ಕಲಿಯಲು ನನಗೆ
ಹದಿನಾಲ್ಕು ವರ್ಷದ ಸರ್ವಿಸು ಬೇಕಾಯಿತು.
ಊಟದ ಗಂಟೆಗೆ ಮುಂಚೆ ಅವರೇ ರಾಜಿಯಾಗಿದ್ದರು:
ನಲ್ಲಿಯೊಳಗೆ ಸೇರಿಕೊಂಡ ಹಾವು.
ನೀರು ಬಾರದ್ದಕ್ಕೂ ಅದೇ ಕಾರಣ.

ಬೋರ್ಡಿನ ಮೇಲೆ ಮೂರು ದಿನ ತಕ್ಕಡಿ ಬರೆದಿದ್ದೆ.
ಎಡ, ಬಲ, ನಡುವೆ ಸಮ ಅನ್ನುವ ಎರಡು ಗೆರೆ.
ತಲೆಯಾಡಿಸಿದ್ದರು, ಪಾಪ, ನನ್ನ ಸಮಾಧಾನಕ್ಕೆ.
ಗುರುವಾರ ಟೈರಿನ ಮೇಲೆ ಹಲಗೆ ಅಡ್ಡ ಇಟ್ಟು
ಆ ತುದಿಗೆ ಮಿಥುನ,
ಈ ತುದಿಗೆ ತಸ್ಮಿಯಾ ಮತ್ತವಳ ತಂಗಿ.
"ಚೂರು ಮುಂದೆ ಬಾರೇ... ಇನ್ನೂ ಚೂರು..."
ಹಲಗೆ ಎರಡೂ ಕಡೆ ನೆಲ ಬಿಟ್ಟು ನಿಂತಿತು.
ಯಾರೂ ಉಸಿರಾಡಲಿಲ್ಲ.
ನಾನೂ.

ಮುರುಗೇಂದ್ರಪ್ಪನವರು ಹೆಡ್‌ಮೇಷ್ಟ್ರು, ಶಿಸ್ತಿನ ಮನುಷ್ಯ.
"ತಪಾಸಣೆಗೆ ಬರ್ತಾರೆ ಮೇಡಂ, ಇದೇನು ಶಾಲೆಯೋ ಗುಜರಿಯೋ?
ಶನಿವಾರ ಬಾಬಾಜಾನ್‌ಗೆ ಹೇಳಿದೀನಿ, ತೂಕಕ್ಕೆ ಹಾಕೋಣ.
ಬೇಕು ಅಂದ್ರೆ ಬರೆದುಕೊಡಿ,
ಇದರಿಂದ ಮಕ್ಕಳಿಗೇನು ಪ್ರಯೋಜನ ಅಂತ.
ಕಾಲಂ ಇದೆ."

ರಾತ್ರಿ ಬರೆಯಲು ಕೂತೆ.
ಸಹಕಾರ, ಸೃಜನಶೀಲತೆ. ಹೊಡೆದುಹಾಕಿದೆ,
ಜಾರುಬಂಡಿಯ ಮೇಲೂ ಬರೆಸಬಹುದಾದ ಮಾತು.
ಟೈರು ಬಾವಿಯಾಯಿತು ಅಂದರೆ
ಆಳವೆಷ್ಟು ಅನ್ನುತ್ತಾರೆ ಸಾಹೇಬರು.
ಕಾಲಂ ಖಾಲಿ ಬಿಟ್ಟು ದೀಪ ಆರಿಸಿದೆ.

ಶನಿವಾರ, ಬೆಳಗಿನ ಶಾಲೆ.
ಹೆಡ್‌ಮೇಷ್ಟ್ರ ಮೊಪೆಡ್ಡು ಬರುವ ಹೊತ್ತಿಗೆ
ದಾರಿಗಡ್ಡ ಒಂದು ಬಿದಿರುಗಳ.
ಬುಡಕ್ಕೆ ಕಲ್ಲು ತುಂಬಿದ ಎಣ್ಣೆ ಡಬ್ಬ,
ತುದಿಗೆ ಶಾಮಿಯಾನದ ಕೆಂಪು ಚೂರು.
ಡಬ್ಬದ ಪಕ್ಕ ಹೊನ್ನೇಶ, ಮೂರನೇ ಕ್ಲಾಸು,
ಪಾಠ ಓದೆಂದರೆ ಗೋಡೆಯ ಸಂದಿ ಹುಡುಕುವವನು.

"ಗೇಟು ಬಿದ್ದಿದೆ ಸಾರ್."
"ತೆಗೆಯೋ."
"ಆಗಲ್ಲ ಸಾರ್. ಸಿಗ್ನಲ್ ಕೊಟ್ಟಾಗಿದೆ."

ಹೆಡ್‌ಮೇಷ್ಟ್ರು ನನ್ನ ಕಡೆ ನೋಡಿದರು.
ನಾನು ಹಾಜರಿ ಪುಸ್ತಕ ನೋಡಿದೆ.
ಬಾಣಾವರದಲ್ಲೇ ಹುಟ್ಟಿ ಬೆಳೆದವರು;
ಗೇಟು ಬಿದ್ದರೆ ಏನು ಮಾಡಬೇಕೆಂದು
ತಲೆಗಿಂತ ಮೊದಲು ಕಾಲಿಗೆ ಗೊತ್ತು.
ಇಂಜಿನ್ ಆಫ್ ಮಾಡಿ ಕಾಲೂರಿ ನಿಂತರು.
"ಯಾವ ಗಾಡಿಯೋ?"
"ಗೂಡ್ಸು ಸಾರ್. ಉದ್ದ ಇದೆ."

ಅವರ ಹಿಂದೆ ಬಾಬಾಜಾನನ ತಳ್ಳುಗಾಡಿಯೂ ಬಂದು ನಿಂತಿತು.
ಹೆಗಲಲ್ಲಿ ತಕ್ಕಡಿ. ಬೀಡಿ ಹಚ್ಚಲು ಹೋದವನು
ಶಾಲೆಯೆಂದು ನೆನಪಾಗಿ ಕಿವಿಗೆ ಸಿಕ್ಕಿಸಿಕೊಂಡ.

ಬಂತು.
ಒಬ್ಬರ ಸೊಂಟ ಒಬ್ಬರು ಹಿಡಿದು,
ಕರಟ ಕುಟ್ಟುತ್ತ, ರಿಮ್ಮು ಉರುಳಿಸುತ್ತ,
ಮೂವತ್ತು ಮಕ್ಕಳ ಗೂಡ್ಸು.
ಮುಗಿಯಿತು ಅನ್ನುವಾಗ ಇಂಜಿನ್ನು
ಅಡುಗೆಮನೆ ಸುತ್ತಿ ಮತ್ತೆ ಬಂತು.
ಸಾಕಮ್ಮ ಸೌಟು ಹಿಡಿದು ಕೊನೆಯ ಬೋಗಿಯಾಗಿದ್ದಳು.

ಹೆಡ್‌ಮೇಷ್ಟ್ರ ತುಟಿ ಅಲ್ಲಾಡುತ್ತಿತ್ತು.
ಬಯ್ಯುತ್ತಿದ್ದಾರೆಂದು ಹತ್ತಿರ ಹೋದೆ, ಸಮಜಾಯಿಷಿಗೆ.
"ಸಾರ್, ಆ ಕಾಲಮ್ಮು..."
ಕೈ ಎತ್ತಿದರು, ಕಣ್ಣು ಗಾಡಿಯ ಮೇಲೇ.
"ಮಧ್ಯೆ ಮಾತಾಡಿಸಬೇಡಿ ಮೇಡಂ,
ಲೆಕ್ಕ ತಪ್ಪುತ್ತೆ."